ಕಣ್ಣು ಹೋದ ಕಡೆ ಹೋದ ಲೋಡು

ಕ್ರೇನ್ ಕಲಿಸಿದ ಅಷ್ಟೂ ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಹೇಳಿದ ಮಾತು ‘ಕೈ ತೆಗಿ’. ಏನೂ ತೋಚದಿದ್ದಾಗ ಗುಂಡಿಯಿಂದ ಬೆರಳು ತೆಗೆದುಬಿಡಬೇಕು. ಲೋಡು ಸ್ವಲ್ಪ ತೂಗಾಡಿ ನಿಂತುಬಿಡುತ್ತದೆ. ಇಷ್ಟು ಬುದ್ಧಿ ಇದ್ದವರು ಒಳ್ಳೆಯ ಆಪರೇಟರ್ ಆಗೇ ಆಗುತ್ತಾರೆ ಎಂದು ನಂಬಿದ್ದವನು ನಾನು. ಆದರೂ ಸರಿಯಾದ ಹೊತ್ತಿಗೆ ಕೈ ತೆಗೆದ ಒಬ್ಬ ಹೆಂಗಸನ್ನು ನಾನೇ ಫೇಲ್ ಮಾಡಿದೆ. ಈಗ ಈ ಕೆಲಸಕ್ಕೆ ಸೇರುವವರು ಕಬ್ಬಿಣದ ಕ್ರೇನ್ ಮುಟ್ಟುವ ಮೊದಲು ಕಣ್ಣಿಗೆ ವಿ.ಆರ್. ಹೆಡ್‌ಸೆಟ್ ಕಟ್ಟಿಕೊಂಡು ಕಲಿಯುತ್ತಾರೆ. ಅವರಿಗೂ ಅವರಿಗೆ ಕಲಿಸುವವರಿಗೂ ಗೊತ್ತಿರಲಿ ಎಂದು ಇದನ್ನು ಬರೆದಿಡುತ್ತಿದ್ದೇನೆ.

ನಮ್ಮದು ಪಿಲ್ಲಗುಂಪೆಯಲ್ಲಿ ಕಬ್ಬಿಣದ ತೊಲೆ, ಚಾನೆಲ್‌ಗಳನ್ನು ಕತ್ತರಿಸಿ ಬೆಸೆಯುವ ಕಾರ್ಖಾನೆ. ನನಗೆ ಕ್ರೇನ್ ಕಲಿಸಿದವರು ಆರೋಗ್ಯಸ್ವಾಮಿ ಮೇಸ್ತ್ರಿ. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದು ಬಂದವರು, ಮನೆಮಾತು ತಮಿಳು. ಆಗ ಛಾವಣಿಯ ಕೆಳಗೆ ಓಡಾಡುವ ಕ್ರೇನಿಗೆ ಅಂಟಿಕೊಂಡೇ ಒಂದು ತಗಡಿನ ಕ್ಯಾಬಿನ್ ಇತ್ತು. ಏಣಿ ಹತ್ತಿ ಹೋಗಿ, ಅದರಲ್ಲಿ ಕೂತು ಲಿವರ್ ಎಳೆಯಬೇಕು. ಮೇಸ್ತ್ರಿ ಬಾಯಲ್ಲಿ ಪಾಠ ಹೇಳಿದ್ದು ಬಹಳ ಕಡಿಮೆ. ಲಿವರ್ ಮೇಲಿದ್ದ ನನ್ನ ಕೈ ಮೇಲೆ ತಮ್ಮ ಕೈ ಇಟ್ಟು, ‘ಮೆದುವಾ, ಮೆದುವಾ’ ಅನ್ನುತ್ತಿದ್ದರು, ಮೆಲ್ಲಗೆ ಅಂತ. ಅವರ ಅಂಗೈ ಎಷ್ಟು ಒತ್ತುತ್ತಿತ್ತೋ ಅಷ್ಟೇ ನಾನೂ ಒತ್ತಬೇಕು. ಮೂರು ವಾರ ಕಳೆದಿರಬೇಕು. ಒಂದು ದಿನ ಲೋಡು ಇಳಿಸಿ ತಿರುಗಿ ನೋಡಿದರೆ ಮೇಸ್ತ್ರಿ ಹಿಂದೆ ಸರಿದು ಕೂತು ಬೀಡಿ ಸೇದುತ್ತಿದ್ದರು. ಅವರ ಕೈ ಯಾವಾಗ ಹೋಯಿತೋ ನನಗೆ ಗೊತ್ತೇ ಆಗಿರಲಿಲ್ಲ.

ಆಮೇಲೆ ಕ್ಯಾಬಿನ್ ಹೋಗಿ ಪೆಂಡೆಂಟ್ ಬಂತು. ಕ್ರೇನಿನಿಂದ ಕೇಬಲಿನಲ್ಲಿ ಎದೆಮಟ್ಟಕ್ಕೆ ಇಳಿಬಿದ್ದಿರುವ ಗುಂಡಿಗಳ ಉದ್ದನೆಯ ಡಬ್ಬಿ ಅದು. ಅದನ್ನು ಹಿಡಿದು ಲೋಡಿನ ಜೊತೆ ನೆಲದ ಮೇಲೆ ನಡೆಯಬೇಕು. ಗುಂಡಿಯನ್ನು ಅರ್ಧ ಒತ್ತಿದರೆ ನಿಧಾನ, ಪೂರ್ತಿ ಒತ್ತಿದರೆ ಜೋರು. ಮೇಲಿನಿಂದ ನೋಡಿ ಅಭ್ಯಾಸವಾಗಿದ್ದ ನಾನು ಮೊದಲ ದಿನವೇ ಎಡವಟ್ಟು ಮಾಡಿಕೊಂಡೆ. ಲೋಡಿನ ಆಚೆ ಬದಿಗೆ ಹೋಗಿ ನಿಂತು, ದೂರ ಹೋಗಲಿ ಅಂತ ಗುಂಡಿ ಒತ್ತಿದರೆ ಅದು ನನ್ನ ಮೇಲೇ ಬಂತು. ಪುಣ್ಯಕ್ಕೆ ಖಾಲಿ ಡ್ರಮ್ಮು. ನಾವು ಯಾವ ಕಡೆ ಮುಖ ಮಾಡಿದ್ದೇವೆ ಅನ್ನುವುದು ಕ್ರೇನಿಗೆ ಗೊತ್ತಿರುವುದಿಲ್ಲ. ಅದಕ್ಕೆ ‘ಮುಂದೆ’, ‘ಹಿಂದೆ’ ಅನ್ನುವುದು ಇಲ್ಲವೇ ಇಲ್ಲ. ಮಾರನೆಯ ದಿನವೇ ಶೆಡ್ಡಿನ ಎರಡು ಕೊನೆಯ ಗೋಡೆಗಳ ಮೇಲೆ ‘ರೋಡ್ ಕಡೆ’, ‘ಸ್ಟೋರ್ ಕಡೆ’ ಎಂದು ದೊಡ್ಡದಾಗಿ ಬರೆಸಿ, ಗುಂಡಿಗಳ ಪಕ್ಕವೂ ಅದನ್ನೇ ಅಂಟಿಸಿದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ ತಪ್ಪು ಗೊತ್ತಿಲ್ಲದೆ ಮಾಡಿದ್ದಲ್ಲ. ಮೈಮೇಲೆ ಬಂದು ಕಲಿತದ್ದನ್ನೇ ಮರೆತು ಮಾಡಿದ್ದು.

ನನ್ನ ಕೊನೆಯ ವರ್ಷಗಳಲ್ಲಿ ಹೊಸ ಜನರಲ್ ಮ್ಯಾನೇಜರ್ ಬಂದರು. ಅವರೇ ವಿ.ಆರ್. ತರಬೇತಿ ತರಿಸಿದ್ದು. ಅದನ್ನು ತಯಾರಿಸಿದ ಕಂಪನಿಯಿಂದ ಸುಷ್ಮಾ ಎಂಬ ಎಂಜಿನಿಯರ್ ಬಂದು, ಕ್ಯಾಂಟೀನ್ ಪಕ್ಕದ ಕೋಣೆಯಲ್ಲಿ ಎಲ್ಲ ಜೋಡಿಸಿದಳು. ಕಣ್ಣಿಗೆ ಕಟ್ಟುವ ಒಂದು ಪೆಟ್ಟಿಗೆ, ಎರಡೂ ಕೈಗೆ ಒಂದೊಂದು ಹಿಡಿ, ಗೋಡೆಗೆ ಒಂದು ಟಿ.ವಿ. ಕಟ್ಟಿಕೊಂಡವರ ಕಣ್ಣ ಮುಂದೆ ನಮ್ಮ ಶೆಡ್ಡೇ ನಿಲ್ಲುತ್ತಿತ್ತು. ಅದೇ ಕ್ರೇನು, ನೆಲದ ಮೇಲೆ ಅದೇ ಹಳದಿ ಗೆರೆ. ಅವರು ಮಾಡುವುದನ್ನು ನಾವು ಟಿ.ವಿ.ಯಲ್ಲಿ ನೋಡಬಹುದಿತ್ತು. ಎಡಗೈ ಹಿಡಿಯ ಮೇಲಿನ ಚಿಕ್ಕ ಕಡ್ಡಿಯನ್ನು ಹೆಬ್ಬೆರಳಿನಿಂದ ತಳ್ಳಿದರೆ ನಾವು ನಡೆದ ಹಾಗೆ, ಬಲಗೈಯದನ್ನು ತಳ್ಳಿದರೆ ಲೋಡು ನಡೆದ ಹಾಗೆ.

‘ಸಾರ್, ಮೊದ್ಲು ನೀವೇ ನೋಡ್ಬೇಕು,’ ಅಂದಳು.

ಕಟ್ಟಿಕೊಂಡೆ. ಕಾಲು ನೆಲದ ಮೇಲೆ ಸುಮ್ಮನೆ ನಿಂತಿದೆ, ಕಣ್ಣು ಮಾತ್ರ ಶೆಡ್ಡಿನ ತುಂಬ ಓಡುತ್ತಿದೆ. ಎರಡು ನಿಮಿಷಕ್ಕೆ ಹೊಟ್ಟೆ ತೊಳಸಿ ಬಂತು. ಇಪ್ಪತ್ತಡಿ ಮೇಲೆ ಕ್ಯಾಬಿನ್ನಿನಲ್ಲಿ ಕೂತು ತೂಗಾಡಿದವನಿಗೆ, ಗಟ್ಟಿ ನೆಲದ ಮೇಲೆ ನಿಂತು ತಲೆ ಸುತ್ತಿತು ಅಂತ ಯಾರಿಗೆ ಹೇಳುವುದು? ಬಿಚ್ಚಿ ಕೊಟ್ಟು, ‘ಚೆನ್ನಾಗಿದೆ ಕಣಮ್ಮ’ ಅಂದು, ಕೈ ತೊಳೆಯುವ ನೆಪ ಮಾಡಿಕೊಂಡು ನಲ್ಲಿ ಹತ್ತಿರ ಓಡಿದೆ. ಅವತ್ತಿನಿಂದ ಮತ್ತೆ ಅದನ್ನು ತಲೆಗೆ ಏರಿಸಲಿಲ್ಲ. ಕುರ್ಚಿ ಹಾಕಿಕೊಂಡು ಟಿ.ವಿ. ನೋಡುತ್ತಿದ್ದೆ, ಕೊನೆಗೆ ಅದು ತೋರಿಸುವ ಅಂಕ ನೋಡಿ ಸಹಿ ಹಾಕುತ್ತಿದ್ದೆ.

ಮೊದಲ ತಂಡದಲ್ಲಿ ಇಬ್ಬರ ಬಗ್ಗೆ ಹೇಳಬೇಕು. ಒಬ್ಬ ಲೋಕೇಶ, ಸೂಲಿಬೆಲೆ ಕಡೆಯವನು, ಐ.ಟಿ.ಐ. ಮುಗಿಸಿದವನು. ಫೋನಿನಲ್ಲಿ ಆಟವಾಡಿ ಪಳಗಿದ ಹೆಬ್ಬೆರಳು. ಹೆಡ್‌ಸೆಟ್ ಕಟ್ಟಿಕೊಂಡ ಅರ್ಧ ಗಂಟೆಗೆ ಲೋಡನ್ನು ನೀರಿನಲ್ಲಿ ದೋಣಿ ಬಿಟ್ಟ ಹಾಗೆ ಬಿಡುತ್ತಿದ್ದ. ಇನ್ನೊಬ್ಬಳು ರತ್ನಮ್ಮ. ಸಮೇತನಹಳ್ಳಿಯಿಂದ ಬರುತ್ತಿದ್ದಳು. ನಮ್ಮ ಸ್ಟೋರಿನಲ್ಲಿ ಆರು ವರ್ಷ ಸಾಮಾನು ಕೊಡುವ ಕೆಲಸ ಮಾಡುತ್ತಾ, ಅಲ್ಲಿ ಸಾಮಾನು ಎತ್ತುವ ಚಿಕ್ಕ ಹಾಯ್ಸ್ಟ್ ನಡೆಸುವುದನ್ನು ತಾನಾಗಿ ಕಲಿತಿದ್ದಳು. ದೊಡ್ಡ ಬೇಯಲ್ಲಿ, ಅಂದರೆ ಕ್ರೇನ್ ಓಡಾಡುವ ಶೆಡ್ಡಿನಲ್ಲಿ, ಹೆಂಗಸರು ಯಾರೂ ಕ್ರೇನ್ ನಡೆಸಿರಲಿಲ್ಲ. ಆಕೆಯೇ ಬಂದು ಅರ್ಜಿ ಕೊಟ್ಟಿದ್ದಳು.

ಪರೀಕ್ಷೆಯ ದಿನ ರತ್ನಮ್ಮ ಲೋಡು ಎತ್ತಿದಳು, ನಾಲ್ಕು ಅಡಿ ಸಾಗಿಸಿದಳು, ನಿಲ್ಲಿಸಿದಳು. ಮತ್ತೆ ಎರಡು ಅಡಿ. ಮತ್ತೆ ನಿಲ್ಲಿಸಿದಳು. ತಲೆ ತಿರುಗಿಸಿ ವಿ.ಆರ್. ಒಳಗೆ ಲೋಡು ಕಟ್ಟುವವನಂತೆ ಪಕ್ಕದಲ್ಲಿದ್ದ ಬೊಂಬೆ ಮನುಷ್ಯನನ್ನು ನೋಡುವುದು, ತಕ್ಷಣ ಹೆಬ್ಬೆರಳು ತೆಗೆಯುವುದು. ಹೀಗೇ ಮಾಡುತ್ತಾ ಸಮಯ ಮುಗಿದುಹೋಯಿತು. ಟಿ.ವಿ.ಯಲ್ಲಿ ಕೆಂಪು ಅಕ್ಷರ ಬಂತು.

‘ಭಯ ಪಟ್ಟರೆ ಆಗಲ್ಲ ರತ್ನಮ್ಮ,’ ಅಂದೆ.

‘ಭಯ ಅಲ್ಲ ಸಾರ್, ಅದು...’

‘ಇರಲಿ ಬಿಡಮ್ಮ. ಸ್ಟೋರ್ ಕೆಲಸ ಇದ್ದೇ ಇದೆಯಲ್ಲ.’

ಆಕೆಯ ಹಾಳೆಯ ಮೇಲೆ ‘ಫೇಲ್. ಧೈರ್ಯ ಸಾಲದು’ ಎಂದು ಬರೆದೆ. ಲೋಕೇಶನ ಹಾಳೆಯ ಮೇಲೆ ‘ಉತ್ತಮ’. ಕ್ರೇನಿನ ಮೇಲೆ ಜಾಗ ಖಾಲಿಯಾಗುವವರೆಗೆ ಏಳು ತಿಂಗಳು ಅವನು ವಿ.ಆರ್.ನಲ್ಲೇ ಅಭ್ಯಾಸ ಮಾಡುತ್ತಿದ್ದ. ನಿಜವಾದ ಕ್ರೇನಿನ ಮೇಲೆ ಅವನಿಗೆ ಎರಡು ದಿನ ಅಭ್ಯಾಸ ಮಾಡಿಸಿದೆವು, ಅಷ್ಟೇ. ಅದೂ ರೋಡಿನ ಕಡೆಗೆ ಮುಖ ಮಾಡಿ ನಿಂತೇ. ವಿ.ಆರ್. ಇರುವಾಗ ಇನ್ನೂ ಹೆಚ್ಚು ಯಾಕೆ ಅಂತ ಜಿ.ಎಂ. ಕೇಳಿದ್ದಕ್ಕೆ ನಾನು ಹೂಂ ಅಂದಿದ್ದೆ.

ಅವನು ಒಬ್ಬನೇ ಕೆಲಸ ಶುರು ಮಾಡಿದ ಎರಡನೇ ವಾರ. ಚಾನೆಲ್ ಕಟ್ಟಿನ ಲೋಡು. ಸ್ಲಿಂಗ್, ಅಂದರೆ ಲೋಡಿಗೆ ಸುತ್ತುವ ಉಕ್ಕಿನ ಹಗ್ಗ, ಅದನ್ನು ಹಾಕಿದವನು ಬಾಷಾ. ನಮ್ಮಲ್ಲಿ ಎಲ್ಲರಿಗಿಂತ ಹಳಬ. ಲೋಡು ಮೊಣಕಾಲೆತ್ತರಕ್ಕೆ ಎದ್ದಿತ್ತು. ಹಿಂದುಗಡೆ ಜಾಗ ಸರಿಯಾಗಿ ಕಾಣಲಿಲ್ಲವೆಂದು ಲೋಕೇಶ ಲೋಡನ್ನು ಬಳಸಿಕೊಂಡು ಈಚೆ ಬಂದ. ಈಗ ಅವನ ಬೆನ್ನು ರೋಡಿಗೆ, ಮುಖ ಸ್ಟೋರಿಗೆ. ಬಾಷಾ ಅವನ ಕಡೆಯೇ, ಲೋಡಿಗೂ ಪೇರಿಸಿದ್ದ ತೊಲೆಗಳಿಗೂ ನಡುವೆ ಇದ್ದ. ಲೋಡು ಆಚೆ, ಸ್ಟೋರಿನ ಕಡೆಗೆ ಹೋಗಬೇಕಿತ್ತು. ಲೋಕೇಶ ಒತ್ತಿದ. ಅದು ಈಚೆ ಬಂತು. ಬಾಷಾನ ಕಾಲು ತೊಲೆಗಳಿಗೆ ಒತ್ತಿಕೊಂಡು ಮುರಿಯಿತು.

ಆ ಕೂಗು ಕೇಳಿ ಓಡಿ ಬಂದವರಲ್ಲಿ ನಾನೂ ಒಬ್ಬ. ಹೊಸಕೋಟೆ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ಬಾಷಾ ನನ್ನ ಮುಂಗೈ ಹಿಡಿದೇ ಇದ್ದ.

ಮಾರನೆಯ ದಿನ ಜಿ.ಎಂ. ಕೋಣೆಯಲ್ಲಿ ಸಭೆ. ‘ಲೋಕೇಶನ ನಿರ್ಲಕ್ಷ್ಯ ಅಂತ ಬರೆದು ಮುಗಿಸೋಣ ನಂಜಪ್ಪನವರೇ,’ ಅಂದರು. ‘ಟ್ರೇನಿಂಗ್ ದಾಖಲೆ ಎಲ್ಲ ಕ್ಲೀನಾಗಿದೆಯಲ್ಲ.’

ಲೋಕೇಶ ಗೋಡೆಗೆ ಒರಗಿ ನಿಂತಿದ್ದ. ಎರಡೂ ಕಣ್ಣು ಊದಿಕೊಂಡಿದ್ದವು. ನನ್ನ ಕಡೆ ತಿರುಗಿ, ‘ಸಾರ್, ದೇವ್ರಾಣೆ, ನಾನು ಮುಂದಕ್ಕೇ ಒತ್ತಿದ್ದು ಸಾರ್. ಮುಂದಕ್ಕೇ ಒತ್ತಿದೆ,’ ಅಂದ.

‘ಮುಂದಕ್ಕೆ’ ಅನ್ನುವ ಆ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ನಮ್ಮ ಪೆಂಡೆಂಟಿನಲ್ಲಿ ಅಂಥ ಗುಂಡಿಯೇ ಇಲ್ಲವಲ್ಲ. ಇವನಿಗೆ ‘ಮುಂದಕ್ಕೆ’ ಅನ್ನುವುದನ್ನು ಕಲಿಸಿದವರು ಯಾರು? ‘ಸಂಜೆವರೆಗೆ ಏನೂ ಬರೀಬೇಡಿ ಸಾರ್,’ ಅಂತ ಜಿ.ಎಂ.ಗೆ ಹೇಳಿ, ನೇರವಾಗಿ ವಿ.ಆರ್. ಕೋಣೆಗೆ ಹೋದೆ.

ಒಂದು ಕುರ್ಚಿಯ ಮೇಲೆ ಕೂತು, ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ಹೆಡ್‌ಸೆಟ್ ಕಟ್ಟಿಕೊಂಡೆ. ನಡೆಯುವ ಕಡ್ಡಿ ಮುಟ್ಟದೆ ಲೋಡಿನ ಕಡ್ಡಿಯನ್ನಷ್ಟೇ ಮೇಲಕ್ಕೆ ತಳ್ಳಿದೆ. ರೋಡಿನ ಕಡೆ ನೋಡುತ್ತಿದ್ದೆ, ಲೋಡು ರೋಡಿನ ಕಡೆ ಹೋಯಿತು. ಬೆರಳು ತೆಗೆಯದೆ ತಲೆ ಮಾತ್ರ ಎಡಕ್ಕೆ ತಿರುಗಿಸಿದೆ. ಲೋಡೂ ಎಡಕ್ಕೆ ತಿರುಗಿತು. ಸ್ಟೋರಿನ ಕಡೆ ತಿರುಗಿ ಕೂತು ಅದೇ ಕಡ್ಡಿಯನ್ನು ಅದೇ ಕಡೆ ತಳ್ಳಿದೆ. ಸಾಕಿದ ನಾಯಿಯ ಹಾಗೆ ಅದು ಸ್ಟೋರಿನ ಕಡೆ ಹೋಯಿತು. ಎತ್ತ ನೋಡಿದರೆ ಅತ್ತಲೇ ‘ಮುಂದೆ’. ಟಿ.ವಿ. ನೋಡುವವನಿಗೆ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಕಟ್ಟಿಕೊಂಡವರ ಕಣ್ಣಿಗೆ ಕಂಡದ್ದೇ ಟಿ.ವಿ.ಯಲ್ಲೂ ಕಾಣುವುದು. ತಿಂಗಳುಗಟ್ಟಲೆ ಲೋಕೇಶನ ಬೆರಳಿಗೆ ಈ ಪಾಠ ಹೇಳಿಕೊಟ್ಟು, ಮೇಲೆ ‘ಉತ್ತಮ’ ಅಂತ ಬರೆದಿದ್ದೆ. ನಿಜವಾದ ಪೆಂಡೆಂಟಿನಲ್ಲಿ ಮೇಲಿದ್ದ ಗುಂಡಿಯೇ ಅವನ ಬೆರಳಿಗೆ ‘ಮುಂದೆ’ ಆಗಿಬಿಟ್ಟಿತ್ತು. ಪಕ್ಕದಲ್ಲಿ ಅಂಟಿಸಿದ್ದ ‘ರೋಡ್ ಕಡೆ’ ಎಂಬ ಚೀಟಿಯನ್ನು ಓದುವಷ್ಟು ಹೊತ್ತು ಬೆರಳು ಕಾಯಲಿಲ್ಲ.

ಹೆಡ್‌ಸೆಟ್ ಬಿಚ್ಚಿಟ್ಟು ಹೋಗಿ ಜಿ.ಎಂ. ಎದುರು ನಿಂತೆ. ‘ಹುಡುಗನ ತಪ್ಪಲ್ಲ ಸಾರ್. ಅವನಿಗೆ ಕಲಿಸಿದ್ದನ್ನೇ ಅವನು ಮಾಡಿದ. ಸಹಿ ನಂದು.’

‘ನಿಮಗೆ ಇನ್ನೊಂದು ವರ್ಷ ಸರ್ವಿಸ್ ಇದೆ. ಯಾಕೆ ತಲೆ ಮೇಲೆ ಎಳ್ಕೋತೀರಿ?’

‘ನಾನು ಎಳ್ಕೊಳ್ತಿಲ್ಲ ಸಾರ್. ಅದು ಅಲ್ಲೇ ಇದೆ.’

ಅವರು ಸಿಟ್ಟಾದರು. ಆದರೆ ಕೆಟ್ಟ ಮನುಷ್ಯರಲ್ಲ. ನನ್ನ ಜೊತೆ ಬಂದು, ತಾವೂ ಹೆಡ್‌ಸೆಟ್ ಕಟ್ಟಿಕೊಂಡು, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಬಿಚ್ಚಿಟ್ಟು, ‘ಸುಷ್ಮಾನ ಕರೆಸಿ,’ ಅಂದರು. ಲೋಕೇಶನನ್ನು ಕೆಲಸದಿಂದ ತೆಗೆಯಲಿಲ್ಲ. ನನಗೆ ಲಿಖಿತ ಎಚ್ಚರಿಕೆ ಬಂತು. ಅದು ನ್ಯಾಯವೇ.

ಸುಷ್ಮಾ ಬಂದವಳು ನಾನು ಹೇಳಿದ್ದನ್ನೆಲ್ಲ ಕೇಳಿ ಮುಖ ಸಣ್ಣಗೆ ಮಾಡಿಕೊಂಡಳು. ‘ಮೊದಲ ಸಲ ಹಾಕ್ಕೊಳ್ಳೋರಿಗೆ ದಿಕ್ಕು ಗೊಂದಲ ಆಗ್ಬಾರ್ದು ಅಂತ ಹಾಗೆ ಇಟ್ವಿ ಸಾರ್. ಆಟಗಳಲ್ಲೆಲ್ಲ ಹಾಗೇ ಇರುತ್ತೆ. ಟೆಸ್ಟ್ ಮಾಡಿದಾಗ ಎಲ್ರೂ ಇದೇ ಸುಲಭ ಅಂದ್ರು.’

‘ಸುಲಭ ಅಂತ ಹೇಳಿದವರು ಯಾರಾದ್ರೂ ಕ್ರೇನ್ ನಡೆಸಿದವರಾ?’

‘ನಮ್ಮ ಆಫೀಸಿನವರು ಸಾರ್.’ ಆಮೇಲೆ ಮೆಲ್ಲಗೆ ಕೇಳಿದಳು: ‘ನಿಮ್ಮ ಕಡೆಯವರು ಯಾರೂ ವಿಚಿತ್ರವಾಗಿದೆ ಅಂತ ಹೇಳ್ಲಿಲ್ವಾ ಸಾರ್?’

ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಹೇಳಲು ಹೊರಟ ಒಬ್ಬಳ ಮಾತನ್ನು ನಾನು ಅರ್ಧಕ್ಕೇ ನಿಲ್ಲಿಸಿದ್ದೆ.

ಸ್ಟೋರಿನ ಕೌಂಟರ್ ನನ್ನ ಕೋಣೆಯಿಂದ ನೂರು ಹೆಜ್ಜೆ. ಎಂಟು ತಿಂಗಳು ದಿನಾ ಅದರ ಮುಂದೆಯೇ ಓಡಾಡಿದ್ದೆ. ಆವತ್ತು ಹೋಗಿ ನಿಂತಾಗ ರತ್ನಮ್ಮ ಬೋಲ್ಟು ಎಣಿಸುತ್ತಿದ್ದಳು.

‘ಏನ್ ಬೇಕು ಸಾರ್?’

‘ಆವತ್ತು ನೀನು ಏನೋ ಹೇಳೋಕೆ ಬಂದಿದ್ದೆ. ಭಯ ಅಲ್ಲ ಸಾರ್ ಅಂತ.’

ಆಕೆ ಎಣಿಕೆ ಮುಗಿಸಿ, ಬೋಲ್ಟುಗಳನ್ನು ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿದ ಮೇಲೆಯೇ ನನ್ನ ಕಡೆ ನೋಡಿದ್ದು.

‘ಸ್ಲಿಂಗ್ ಹಾಕೋರು ಎಲ್ಲಿದ್ದಾರೆ ಅಂತ ತಿರುಗಿ ನೋಡ್ಬೇಕಲ್ವಾ ಸಾರ್, ನೀವೇ ಹೇಳಿದ್ದು. ನಾನು ಅವ್ರ ಕಡೆ ನೋಡಿದ್ರೆ ಲೋಡೂ ಅವ್ರ ಕಡೆನೇ ಹೋಗ್ತಿತ್ತು. ನಮ್ ಹಾಯ್ಸ್ಟ್ ಹಂಗೆ ಬರಲ್ಲ. ಇದೇನೋ ಕೆಟ್ಟಿದೆ ಅಂದ್ಕೊಂಡು ಕೈ ತೆಗೀತಿದ್ದೆ. ಮನುಷ್ಯನ ಮೇಲೆ ಹೋಗೋದನ್ನ ಹೆಂಗ್ ಸಾರ್ ಒತ್ಕೊಂಡಿರ್ಲಿ, ಬೊಂಬೆನೇ ಆದ್ರೂ?’

ನಾನು ಕೌಂಟರಿನ ಮೇಲೆ ಕೈಯೂರಿ ನಿಂತೆ.

‘ನೀವು ಕೇಳಿದ್ರೆ ಆವತ್ತೇ ಹೇಳ್ತಿದ್ದೆ,’ ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ‘ಬಾಷಣ್ಣ ಹೆಂಗಿದಾರೆ?’

‘ಪ್ಲಾಸ್ಟರ್ ಹಾಕಿದ್ದಾರೆ. ತಪ್ಪಾಯ್ತು ರತ್ನಮ್ಮ.’

ಆಕೆ ಬೋಲ್ಟಿನ ಡಬ್ಬಿಯನ್ನು ಎತ್ತಿ ಅದರ ಜಾಗದಲ್ಲಿಟ್ಟಳು. ಸುಷ್ಮಾ ಜೊತೆ ಕೂತು ಎಲ್ಲ ಹೇಳುತ್ತೀಯಾ ಎಂದು ಕೇಳಿದ್ದಕ್ಕೆ, ‘ಬರ್ತೀನಿ. ಸ್ಟೋರಿಗೆ ಬೇರೆ ಜನ ಹಾಕಿ,’ ಅಂದಳು.

ಮುಂದಿನ ಎರಡು ತಿಂಗಳು ನನ್ನ ಇಡೀ ನೌಕರಿಯಲ್ಲೇ ನಾನು ಹೆಚ್ಚು ಕಲಿತ ಕಾಲ. ರತ್ನಮ್ಮ ಹೇಳುವಳು, ಸುಷ್ಮಾ ಬದಲಿಸುವಳು, ನಾನು ಕಟ್ಟಿಕೊಂಡು ನೋಡುವೆ. ಮೊದಲು ದಿಕ್ಕನ್ನು ಶೆಡ್ಡಿಗೆ ಕಟ್ಟಿಹಾಕಿದೆವು. ಎಲ್ಲಿ ನೋಡಿದರೂ ರೋಡ್ ಕಡೆ ಅಂದರೆ ರೋಡ್ ಕಡೆಯೇ. ಆಮೇಲೆ ಕೈಯ ಹಿಡಿಗಳನ್ನು ಬಿಟ್ಟೆವು. ಗುಜರಿಗೆ ಹಾಕಿದ್ದ ಒಂದು ಹಳೆಯ ಪೆಂಡೆಂಟನ್ನು ಸೂರಿನಿಂದ ಇಳಿಬಿಟ್ಟು, ಅದರ ಗುಂಡಿಗಳಿಗೆ ತಂತಿ ಕೊಟ್ಟು ಕಂಪ್ಯೂಟರಿಗೆ ಸೇರಿಸಿದಳು ಸುಷ್ಮಾ. ಅರ್ಧ ಒತ್ತಿದ್ದು, ಪೂರ್ತಿ ಒತ್ತಿದ್ದು ಬೆರಳಿಗೆ ತಿಳಿಯುವ ಹಾಗಾಯಿತು. ಹೆಬ್ಬೆರಳಿನಲ್ಲಿ ನಡೆಯುವುದನ್ನೂ ತೆಗೆದೆವು. ಖಾಲಿ ಗೋಡೌನಿನಲ್ಲಿ ಗೋಡೆಗೆ ಬಡಿಯದ ಹಾಗೆ ಸುತ್ತ ಹಗ್ಗ ಕಟ್ಟಿ, ಹೆಡ್‌ಸೆಟ್ ಹಾಕಿಕೊಂಡು ಸ್ವಂತ ಕಾಲಲ್ಲೇ ನಡೆಯಬೇಕು ಅಂತ ಮಾಡಿದೆವು. ನಾನು ಮೊದಲ ಸಲ ಆ ಕಡೆಯಿಂದ ಈ ಕಡೆಗೆ ನಡೆದು ಮುಗಿಸಿದಾಗ ಹೊಟ್ಟೆ ತೊಳಸಲಿಲ್ಲ. ಆಗ ಸುಷ್ಮಾಗೆ ಮೊದಲ ದಿನದ ನಲ್ಲಿಯ ವಿಷಯ ಹೇಳಿದೆ.

‘ಅಯ್ಯೋ, ಆವತ್ತೇ ಹೇಳ್ಬಾರ್ದಿತ್ತಾ ಸಾರ್? ಅದೂ ನಮಗೆ ಬೇಕಾಗಿದ್ದ ವಿಷಯಾನೇ!’ ಅಂದಳು.

ಬೇರೆ ಎಡವಟ್ಟುಗಳೂ ಆದವು. ಸ್ಲಿಂಗ್ ಹಾಕುವುದನ್ನು ಕಲಿಸಲು ಸುಷ್ಮಾ ಬರಿಗೈಯನ್ನೇ ಗುರುತಿಸುವ ವಿಧಾನ ತಂದಿದ್ದಳು. ಗಾಳಿಯಲ್ಲಿ ಕೈ ಆಡಿಸಿದರೆ ಕಣ್ಣ ಮುಂದೆ ಒಂದು ಕೈ ಮೂಡಿ, ಹಾಗೇ ಆಡುತ್ತಿತ್ತು. ಅಷ್ಟರಲ್ಲಿ ಬಾಷಾ ಕೋಲು ಊರಿಕೊಂಡು ಕೆಲಸಕ್ಕೆ ವಾಪಸ್ ಬಂದಿದ್ದ. ಅವನನ್ನೇ ಕೂರಿಸಿದೆವು. ಅವನ ಎಡಗೈಯಲ್ಲಿ ಎರಡು ಬೆರಳು ಎಳೆ ವಯಸ್ಸಿನಲ್ಲೇ ತಗಡು ಒತ್ತುವ ಒಂದು ಪ್ರೆಸ್ಸಿಗೆ ಸಿಕ್ಕಿ ಹೋಗಿವೆ. ಬಲಗೈ ಮೂಡಿತು. ಎಡಗೈ ಮೂಡಲಿಲ್ಲ. ಎಷ್ಟು ಆಡಿಸಿದರೂ ಅಲ್ಲಿ ಏನೂ ಇಲ್ಲ.

‘ನಂಜಪ್ಪಣ್ಣ, ಇದಕ್ಕೆ ನನ್ ಕೈ ಕೈಯಲ್ವಂತೆ ಕಣಣ್ಣ!’ ಅಂತ ನಕ್ಕ. ನಕ್ಕವನು ಅವನೊಬ್ಬನೇ. ಆ ಕೈ ನಮ್ಮ ಬೇಯಲ್ಲಿ ಕಟ್ಟಿದ ಲೋಡು ಒಂದೂ ಜಾರಿದ್ದಿಲ್ಲ. ಗ್ಲೌಸ್ ಹಾಕಿದವರಿಗೂ ಹೀಗೇ ತೊಂದರೆ ಆಗುತ್ತಿತ್ತು. ಸುಷ್ಮಾ ಆ ವಿಧಾನ ಬಿಟ್ಟು, ನಿಜವಾದ ಒಂದು ಸ್ಲಿಂಗಿಗೂ ಹುಕ್ಕಿಗೂ ಹೆಡ್‌ಸೆಟ್ಟಿಗೆ ಕಾಣುವಂಥ ಗುರುತು ಅಂಟಿಸಿ ಕೈಗೆ ಕೊಟ್ಟಳು. ಹಿಡಿಯುವ ಕೈ ಹೇಗಾದರೂ ಇರಲಿ, ಹಿಡಿದ ವಸ್ತು ಕಂಡರೆ ಸಾಕು.

ಇಷ್ಟೆಲ್ಲ ಆದ ಮೇಲೆ ಜಿ.ಎಂ. ಒಂದು ದಿನ ಕರೆದರು. ‘ಮೊದಲು ಎರಡು ದಿನಕ್ಕೆ ಹೆಚ್ಚುಕಮ್ಮಿ ಎಲ್ಲರೂ ಪಾಸಾಗ್ತಿದ್ರು. ಈಗ ಒಂದು ವಾರ ತಗೊಳ್ತಿದ್ದಾರೆ, ಅದರಲ್ಲೂ ಕೆಲವರು ಫೇಲು. ಇದು ಸುಧಾರಣೆನಾ ನಂಜಪ್ಪನವರೇ?’

‘ಮೊದಲು ಆಟ ಪಾಸಾಗ್ತಿದ್ರು ಸಾರ್,’ ಅಂದೆ. ‘ಇಲ್ಲಿ ಕಷ್ಟ ಪಡೋ ಜಾಗದಲ್ಲೇ ಅಲ್ಲೂ ಕಷ್ಟ ಪಡ್ತಾರೆ. ಇಲ್ಲಿ ಪಟ್ಟರೆ ಯಾರ ಕಾಲೂ ಮುರಿಯಲ್ಲ.’ ಅವರು ಒಪ್ಪಿದರು ಅಂತ ಹೇಳಲಾರೆ. ತಡೆಯಲಿಲ್ಲ, ಅಷ್ಟು ಸಾಕಾಗಿತ್ತು.

ಕೆಲಸಕ್ಕೆ ಹೊಸದಾಗಿ ಬರುವವರೇ, ಯಂತ್ರ ಯಾವುದೇ ಇರಲಿ, ಅದು ನಿಮ್ಮ ಕೈಗೆ ಏನು ಕಲಿಸುತ್ತಿದೆ ಅಂತ ನೋಡಿಕೊಳ್ಳಿ. ನೀವು ತಲೆಯಲ್ಲಿ ಎಷ್ಟೇ ಓದಿಕೊಂಡಿರಿ, ಗಾಬರಿಯಾದ ಗಳಿಗೆಯಲ್ಲಿ ಕೈ ತನಗೆ ಅಭ್ಯಾಸವಾದದ್ದನ್ನೇ ಮಾಡುತ್ತದೆ. ಲೋಕೇಶ ಈಗ ಒಳ್ಳೆಯ ಆಪರೇಟರ್. ಆದರೆ ಆ ಬೆರಳಿನ ಅಭ್ಯಾಸ ಬಿಡಿಸಲು, ಹೊಸದಾಗಿ ಕಲಿಸುವುದಕ್ಕಿಂತ ಮೂರು ಪಟ್ಟು ಹೆಚ್ಚು ಕಾಲ ಹಿಡಿಯಿತು. ಎಷ್ಟೋ ದಿನ ಅವನು ಪ್ರತಿ ಸಲ ಒತ್ತುವ ಮೊದಲು ಗೋಡೆ ನೋಡಿ, ‘ಸ್ಟೋರ್ ಕಡೆ’ ಅಂತ ಬಾಯಿಬಿಟ್ಟು ಹೇಳಿಕೊಂಡೇ ಒತ್ತುತ್ತಿದ್ದ. ಜೊತೆಯವರು ಆಡಿಕೊಂಡರೂ ಬಿಡಲಿಲ್ಲ. ಬಾಷಾನ ಮನೆಗೆ ವಾರಕ್ಕೊಂದು ಸಲ ಹೋಗಿಬರುತ್ತಿದ್ದನಂತೆ. ಅದನ್ನು ಬಾಷಾನೇ ಹೇಳಿದ್ದು.

ನಾನು ನಿವೃತ್ತನಾಗುವ ತಿಂಗಳು ರತ್ನಮ್ಮನ ಪರೀಕ್ಷೆ ಇಟ್ಟೆ. ಆಕೆ ವಿ.ಆರ್. ಪರೀಕ್ಷೆ ಬೇಡ ಅಂದಳು. ‘ಅದನ್ನ ಸರಿ ಮಾಡಿದ್ದೇ ನಾನಲ್ವಾ ಸಾರ್? ಕ್ರೇನ್ ಮೇಲೇ ಕೊಡಿ.’ ಸ್ಲಿಂಗ್ ಹಾಕಲು ಯಾರು ಅಂದಾಗ, ಯಾರೂ ಕೇಳದೆ ಬಾಷಾ ಕುಂಟುತ್ತಾ ಮುಂದೆ ಬಂದ. ಲೋಡು ಕಟ್ಟಿದ, ಹಳದಿ ಗೆರೆಯಾಚೆ ಸರಿದ, ಮೂರೇ ಬೆರಳಿನ ಎಡಗೈ ಎತ್ತಿ ಸನ್ನೆ ಕೊಟ್ಟ.

ರತ್ನಮ್ಮ ಎತ್ತಿದಳು. ಅರ್ಧ ಒತ್ತಿ ಹೊರಟಳು. ನಡುವೆ ಲೋಡಿನ ಆಚೆ ಬದಿಗೆ ನಡೆದು ಬಂದು, ಬೆನ್ನನ್ನು ರೋಡಿಗೆ ಮಾಡಿ ನಿಂತಳು. ಲೋಕೇಶ ನಿಂತಿದ್ದ ಜಾಗ ಅದು. ಶೆಡ್ಡಿನಲ್ಲಿ ಎಲ್ಲರೂ ಕೆಲಸ ನಿಲ್ಲಿಸಿದ್ದರು. ಆಕೆ ತಿರುಗಿ ಬಾಷಾ ಎಲ್ಲಿದ್ದಾನೆ ಎಂದು ನೋಡಿದಳು, ಗೋಡೆ ನೋಡಿದಳು, ಒತ್ತಿದಳು. ಲೋಡು ಆಕೆಯಿಂದ ದೂರಕ್ಕೆ, ಸ್ಟೋರಿನ ಕಡೆಗೆ ಹೋಯಿತು. ಇಳಿಸುವ ಮುಂಚೆ ತೂಗಾಡಲು ನೋಡಿದ್ದನ್ನು ಒಂದು ಸಣ್ಣ ಒತ್ತಿನಿಂದ ಹಿಡಿದು ನಿಲ್ಲಿಸಿ, ಮರದ ತುಂಡುಗಳ ಮೇಲೆ ಸದ್ದಾಗದ ಹಾಗೆ ಕೂರಿಸಿದಳು.

ಕೋಣೆಗೆ ಬಂದು ಸರ್ಟಿಫಿಕೇಟ್ ಬರೆದೆ. ಫೈಲಿನಲ್ಲಿದ್ದ ಹಳೆಯ ಹಾಳೆಯನ್ನು ಹರಿಯಲು ಕೈ ಹಾಕಿದೆ. ರತ್ನಮ್ಮ ತಡೆದಳು.

‘ಹರೀಬೇಡಿ ಸಾರ್. ಹರಿದ್ರೆ ನಾನು ಯಾಕೆ ಫೇಲಾದೆ ಅಂತ ಯಾರಿಗೂ ಗೊತ್ತಾಗಲ್ಲ. ಅದರ ಕೆಳಗೆ ಬರೀರಿ.’

‘ಏನಂತ ಬರೀಲಮ್ಮ?’

‘ಏನ್ ನಡೀತೋ ಅದು.’

‘ಧೈರ್ಯ ಸಾಲದು’ ಅನ್ನುವುದರ ಕೆಳಗೆ ಬರೆದೆ: ‘ಅಭ್ಯರ್ಥಿ ನಿಲ್ಲಿಸಿದ್ದು ಸರಿ. ಯಂತ್ರದ ದಿಕ್ಕು ತಪ್ಪಿತ್ತು. ಆಕೆ ಹೇಳಲು ಬಂದಳು, ಪರೀಕ್ಷಕ ಕೇಳಲಿಲ್ಲ.’ ಸಹಿ ಹಾಕಿ ಹಾಳೆಯನ್ನು ಆಕೆಯ ಕಡೆ ತಿರುಗಿಸಿದೆ. ಎರಡು ಸಲ ಓದಿದಳು. ನನ್ನ ಕೈಯಿಂದ ಪೆನ್ನು ಇಸಿದುಕೊಂಡು, ನನ್ನ ಸಹಿಯ ಪಕ್ಕದಲ್ಲಿ ತನ್ನ ಸಹಿ ಹಾಕಿದಳು. ಹೊರಗೆ ತೊಲೆ ತುಂಬಿದ ಲಾರಿ ಬಂದು ಹಾರ್ನ್ ಹೊಡೆಯುತ್ತಿತ್ತು. ‘ಬರ್ತೀನಿ ಸಾರ್, ಅದನ್ನ ಇಳಿಸ್ಬೇಕು,’ ಅಂದು, ಹೆಲ್ಮೆಟ್ ಹಾಕಿಕೊಂಡು ಬೇ ಕಡೆಗೆ ನಡೆದಳು.